ಹೊಸ ಗಾಡಿ, ಮೂರನೆಯ ಚಕ್ರ, ಒಂದು ದಾರ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೋಟಾರ್‌ಸೈಕಲ್ ಎಂದರೆ ಎರಡು ಚಕ್ರದ ವಾಹನ. ಬೇಕಾದಾಗ ಕಳಚಿಡಬಹುದಾದ, ಪಕ್ಕದಲ್ಲಿ ಇನ್ನೊಬ್ಬರು ಕೂರುವ, ಇನ್ನೊಂದು ಚಕ್ರವುಳ್ಳ ಸೈಡ್‌ಕಾರನ್ನು ಅದಕ್ಕೆ ಜೋಡಿಸಿದ್ದರೆ ಕಾಯ್ದೆ ಅದನ್ನೂ ಮೋಟಾರ್‌ಸೈಕಲ್ಲಿನ ಲೆಕ್ಕಕ್ಕೇ ಸೇರಿಸುತ್ತದೆ. ಹಾಗಾಗಿ ಕೆಎ-17 ನಂಬರಿನ, ದಾವಣಗೆರೆಯ ನಮ್ಮ ಮನೆಯ ಹೊಸ ಗಾಡಿ ಮೂರು ಚಕ್ರದ್ದಾದರೂ ಮೋಟಾರ್‌ಸೈಕಲ್ಲೇ. ಓಡಿಸುವ ಕೈಗೆ ಮಾತ್ರ ಅದು ಬೇರೆಯೇ ವಾಹನ. ಬೈಕು ತಿರುವಿನಲ್ಲಿ ವಾಲುತ್ತದೆ, ಇದು ವಾಲುವುದಿಲ್ಲ. ಕಾರಿಗೆ ಎಡವೂ ಬಲವೂ ಸಮ, ಇದಕ್ಕೆ ಹಾಗಲ್ಲ. ಎಂಜಿನ್ನಿನ ಬಲ ನೆಲಕ್ಕೆ ಇಳಿಯುವುದು ಬಲಬದಿಯಲ್ಲಿರುವ ಬೈಕಿನ ಹಿಂದಿನ ಚಕ್ರದಿಂದ, ಹೊರೆ ಕೂರುವುದು ಎಡಗಡೆ. ಆಕ್ಸಿಲರೇಟರ್ ತಿರುವಿದರೆ ಸೈಡ್‌ಕಾರ್ ಹಿಂದಕ್ಕೆ ಜಗ್ಗಿ ಗಾಡಿಯ ಮೂತಿ ಎಡಕ್ಕೆ ಹೋಗುತ್ತದೆ. ಬ್ರೇಕ್ ಹಿಡಿದರೆ ಅದೇ ಸೈಡ್‌ಕಾರ್ ಮುಂದಕ್ಕೆ ನುಗ್ಗಿ ಮೂತಿಯನ್ನು ಬಲಕ್ಕೆ ತಳ್ಳುತ್ತದೆ. ಈ ಸ್ವಭಾವವನ್ನು ಯಾರೂ ಪೂರ್ತಿ ತೆಗೆದುಹಾಕಲಾರರು. ಆದರೆ ಗಾಡಿಯ ಸ್ವಭಾವ ಎಷ್ಟು, ಜೋಡಣೆಯ ದೋಷ ಎಷ್ಟು ಎಂದು ಬೇರ್ಪಡಿಸಿ ನೋಡಬಹುದು. ಅದನ್ನು ಗಾಡಿ ಹೊಸದಿದ್ದಾಗಲೇ ಮಾಡಬೇಕು ಎಂದು ಹೇಳುವುದಕ್ಕಾಗಿ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸೈಡ್‌ಕಾರ್ ಬಂದದ್ದು ಅವ್ವನಿಗಾಗಿ. ಮಂಡಿ ಸವೆದು ಅವಳಿಗೆ ಬೈಕಿನ ಹಿಂದಿನ ಸೀಟಿಗೆ ಹತ್ತಲು ಆಗುವುದಿಲ್ಲ. ಕಾರಿನ ಗಾಜು ಏರಿಸಿದ ಕೂಡಲೇ ವಾಕರಿಕೆ ಶುರುವಾಗುತ್ತದೆ. ಗಾಳಿಗೆ ಮುಖ ಕೊಟ್ಟು, ಕಾಲು ಚಾಚಿ ಕುಳಿತು ಹರಿಹರೇಶ್ವರನ ಗುಡಿಗೋ ಸಂತೆಬೆನ್ನೂರಿನ ಪುಷ್ಕರಣಿಗೋ ಹೋಗಿಬರಬೇಕೆಂಬುದು ಅವಳ ಆಸೆ. ಆರ್‌ಸಿಯಲ್ಲಿ, ವಿಮೆಯಲ್ಲಿ ನಮೂದು ಮಾಡಿಸುವ ಓಡಾಟದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಸೈಡ್‌ಕಾರ್ ಹಾಕಿಸುವ ಯೋಚನೆ ಇರುವವರು ಹಣ ಕೊಡುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ, ಅಷ್ಟೇ.

ಗಾಡಿ ಕೈಗೆ ಬಂದು ಶಾಮನೂರು ರಸ್ತೆಗೆ ಇಳಿದಾಗಲೇ ಎಡಕ್ಕೆ ಎಳೆಯತೊಡಗಿತು. ಅವ್ವ ಕುಳಿತಾಗ ಎಳೆತ ಇನ್ನೂ ಹೆಚ್ಚು. ಬಲಗೈಯಿಂದ ಹ್ಯಾಂಡಲ್ಲನ್ನು ಸದಾ ಜಗ್ಗಿ ಹಿಡಿದಿರಬೇಕು. ಮನೆಗೆ ಬರುವಷ್ಟರಲ್ಲಿ ಭುಜ ಬಿದ್ದುಹೋಗಿರುತ್ತಿತ್ತು. ಜೋಡಿಸಿಕೊಟ್ಟವರಿಗೆ ಫೋನ್ ಮಾಡಿದರೆ, "ಹೊಸ ಗಾಡಿ ಅಲ್ಲವೇ ಮೇಡಂ, ಸ್ವಲ್ಪ ಓಡಲಿ, ತಾನಾಗಿಯೇ ಸರಿಹೋಗುತ್ತದೆ" ಎಂದರು.

ಈ ಮಾತನ್ನು ನಮ್ಮೂರಿನಲ್ಲಿ ಎಲ್ಲ ಗಾಡಿಗಳಿಗೂ ಹೇಳುತ್ತಾರೆ. ಕೆಲವು ವಿಷಯಗಳಲ್ಲಿ ಅದು ನಿಜವೂ ಹೌದು. ಎಂಜಿನ್ನಿನ ಒಳಭಾಗಗಳು ಓಡುತ್ತ ಹದಕ್ಕೆ ಬರುತ್ತವೆ. ಬ್ರೇಕ್ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಹೊಸ ಟೈರಿನ ಮೇಲ್ಮೈಯ ಜಾರಿಕೆ ಹೋಗುತ್ತದೆ. ಚಕ್ರ ನಿಂತಿರುವ ಕೋನ ಮಾತ್ರ ಓಡಿದ್ದರಿಂದ ಸರಿಹೋಗಲು ಯಾವ ಕಾರಣವೂ ಇಲ್ಲ. ಓಡುತ್ತ ಓಡುತ್ತ ಟೈರು ಆ ವಕ್ರಕ್ಕೆ ತಕ್ಕಂತೆ ಸವೆಯುತ್ತದೆ, ಓಡಿಸುವವರ ತೋಳು ಆ ಎಳೆತಕ್ಕೆ ಒಗ್ಗಿಹೋಗುತ್ತದೆ. ಎಳೆತ ಕಡಿಮೆಯಾಯಿತು ಎಂದು ನಮಗೆ ಅನ್ನಿಸುವುದು ಆಗಲೇ. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವ ನನಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ.

ಪಿ.ಬಿ. ರಸ್ತೆಯ ಉದ್ದಕ್ಕೂ ಟೈರಿನ ಅಂಗಡಿಗಳಿವೆ, ಚಕ್ರಗಳ ನೇರ ಸರಿಮಾಡುವ ಕಂಪ್ಯೂಟರ್ ಅಲೈನ್‌ಮೆಂಟ್ ಎಂಬ ಬೋರ್ಡುಗಳಿವೆ. ವಿಚಾರಿಸಿದ ಕಡೆಯೆಲ್ಲ ಸಿಕ್ಕಿದ್ದು ಒಂದೇ ಉತ್ತರ: ಮೂರು ಚಕ್ರದ ಗಾಡಿಗೆ ನಮ್ಮಲ್ಲಿ ಮಾಡುವುದಿಲ್ಲ. ಅವರನ್ನು ದೂರುವಂತಿಲ್ಲ. ಆ ಯಂತ್ರವನ್ನು ಕಾರಿಗಾಗಿಯೇ ಮಾಡಿದ್ದಾರೆ. ನಾಲ್ಕು ಚಕ್ರಗಳಿಗೆ ನಾಲ್ಕು ಹಿಡಿಕೆ ಹಾಕಿ, ಹಿಂದಿನ ಎರಡು ಚಕ್ರಗಳು ತೋರುವ ದಿಕ್ಕನ್ನು ಆಧಾರವಾಗಿಟ್ಟುಕೊಂಡು ಅದು ಮುಂದಿನ ಎರಡನ್ನು ಅಳೆಯುತ್ತದೆ. ಒಂದು ಬದಿಯಲ್ಲಿ ಎರಡು ಚಕ್ರ, ಇನ್ನೊಂದು ಬದಿಯಲ್ಲಿ ಒಂದೇ ಚಕ್ರ ಇರುವ ಗಾಡಿಯನ್ನು ಅದಕ್ಕೆ ಹೇಗೆ ತೋರಿಸುವುದು? ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಸ್ಕೂಟರಿಗೆ ಸೈಡ್‌ಕಾರ್ ಹಾಕಿಸಿಕೊಂಡು ಹೆಂಡತಿ ಮಕ್ಕಳನ್ನೆಲ್ಲ ಕೂರಿಸಿಕೊಂಡು ಹೋಗುವವರು ಪೇಟೆಗಳಲ್ಲಿ ಕಾಣುತ್ತಿದ್ದರು. ಅದನ್ನು ಕಣ್ಣಳತೆಯಲ್ಲೇ ಸರಿಮಾಡುವ ಮೆಕ್ಯಾನಿಕ್‌ಗಳೂ ಇದ್ದರು. ಸೈಡ್‌ಕಾರ್ ಹೋದ ಮೇಲೆ ಆ ಕೈಗಳೂ ಇಲ್ಲವಾದವು.

ಕೊನೆಗೆ ದಾರಿ ತೋರಿಸಿದ್ದು ದೊಡ್ಡಪ್ಪ. ಅವರು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಆ ಕಾರ್ಖಾನೆ ಕಬ್ಬಿಣವನ್ನು ತಿರುಗಿಸುತ್ತ ಕಡೆಯುವ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು, ಈಗ ಮುಚ್ಚಿಹೋಗಿದೆ. ಲೇತ್ ಎಂದರೆ ನೇರದ ಮೇಲೆಯೇ ನಿಂತ ಯಂತ್ರ. ಅದರ ಹಾಸು ಕೂದಲೆಳೆಯಷ್ಟು ತಿರುಚಿಕೊಂಡರೂ ಅದರಲ್ಲಿ ಕಡೆದ ಕಬ್ಬಿಣದ ಸರಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಆಗಿಬಿಡುತ್ತದೆ. ಅದಕ್ಕೇ ಹೊಸ ಲೇತ್ ಪರೀಕ್ಷೆ ಮುಗಿಸಿ, ಅಳತೆಯ ಪಟ್ಟಿಯನ್ನು ಜೊತೆಗಿಟ್ಟುಕೊಂಡೇ ಕಾರ್ಖಾನೆ ಬಿಡುತ್ತದೆ. ಅಷ್ಟಾದರೂ ಕೊಂಡವರ ಶೆಡ್ಡಿನಲ್ಲಿ ಇಳಿಸಿದ ಮೇಲೆ ರಸಮಟ್ಟ ಇಟ್ಟು ಮತ್ತೆ ಮಟ್ಟ ಮಾಡುತ್ತಾರೆ, ಕೆಲವು ಕಾಲದ ನಂತರ ಇನ್ನೊಮ್ಮೆ ನೋಡುತ್ತಾರೆ. ಹೊಸದು ಎಂಬ ಕಾರಣಕ್ಕೆ ಯಾರೂ ಅಳತೆಯನ್ನು ಬಿಡುವುದಿಲ್ಲ.

ನನ್ನ ಗೋಳನ್ನೆಲ್ಲ ಕೇಳಿ ದೊಡ್ಡಪ್ಪ ಹೇಳಿದರು: "ನೋಡವ್ವಾ, ಹೊಸದಿದ್ದಾಗಲೇ ಅಳೆಯಬೇಕು. ಈಗ ಬೇರಿಂಗ್ ಸವೆದಿಲ್ಲ, ಬುಷ್ ಹೋಗಿಲ್ಲ, ಟೈರು ತಿಂದಿಲ್ಲ. ಈಗ ಏನು ಸಿಕ್ಕರೂ ಅದು ಜೋಡಣೆಯ ತಪ್ಪು ಮಾತ್ರ. ಹಳೆಯದಾದ ಮೇಲೆ ಅಳೆದರೆ ಯಾವುದು ಸವೆತ, ಯಾವುದು ತಪ್ಪು ಅಂತ ದೇವರಿಗೇ ಗೊತ್ತು."

ಪರೀಕ್ಷೆಗೆ ಬೇಕಾದ ಮೊದಲ ವಸ್ತು ಸಮತಟ್ಟಾದ ನೆಲ. ನಮ್ಮ ಅಂಗಳ ನೀರು ಹೋಗಲೆಂದು ಬೀದಿಯ ಕಡೆಗೆ ಇಳಿಜಾರಾಗಿದೆ. ಪರಿಚಯದವರೊಬ್ಬರದು ಎಪಿಎಂಸಿ ಅಂಗಳದ ಹತ್ತಿರ ಗೋದಾಮು ಇದೆ. ಭಾನುವಾರ ಖಾಲಿ ಇರುತ್ತದೆ. ದೊಡ್ಡಪ್ಪ ಅಲ್ಲಿಗೆ ಬಂದವರೇ ಒಂದು ಚೊಂಬು ನೀರನ್ನು ನೆಲಕ್ಕೆ ಸುರಿದು, ಅದು ಯಾವ ಕಡೆಗೆ ಹರಿಯುತ್ತದೆ ಎಂದು ಕುಕ್ಕರುಗಾಲಿನಲ್ಲಿ ಕುಳಿತು ನೋಡಿದರು. ಒಂದು ಮೂಲೆಯಲ್ಲಿ ನೀರು ಎಲ್ಲಿಗೂ ಹೋಗದೆ ಹರಡಿ ನಿಂತಿತು. ಅದೇ ಜಾಗ ಎಂದರು. ನೆಲದ ಮೇಲೆ ಚೆಲ್ಲಿದ್ದ ಮೆಕ್ಕೆಜೋಳದ ಕಾಳುಗಳನ್ನು ಒಂದೂ ಉಳಿಯದಂತೆ ಗುಡಿಸಿಸಿದರು. ಪಟ್ಟಿಯ ಕೆಳಗೆ ಒಂದು ಕಾಳು ಸಿಕ್ಕಿಕೊಂಡರೂ ಅಳತೆ ಸುಳ್ಳಾಗುತ್ತದೆ. ನಮ್ಮ ಬಳಿ ಇದ್ದ ಸಾಮಾನು ಇಷ್ಟೇ: ಗಾರೆ ಕೆಲಸದವರ ಉದ್ದನೆಯ ಎರಡು ಅಲ್ಯೂಮಿನಿಯಂ ಪಟ್ಟಿ, ಆಸರೆಗೆ ಇಟ್ಟಿಗೆ, ನೈಲಾನ್ ದಾರ, ತೂಗುಗುಂಡು, ಸ್ಟೀಲ್ ಟೇಪು, ಸೀಮೆಸುಣ್ಣ. ಮೊದಲು ಮೂರೂ ಟೈರುಗಳ ಗಾಳಿ ನೋಡಿದೆವು. ಗಾಳಿ ಕಡಿಮೆಯಿದ್ದರೆ ಟೈರು ಹೊಟ್ಟೆ ಬಿಟ್ಟು ಅಳತೆಯನ್ನೇ ಕೆಡಿಸುತ್ತದೆ. ಚಕ್ರಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿ ರಿಮ್ಮು ಅತ್ತಿತ್ತ ಬಳುಕುತ್ತದೆಯೇ, ಬೇರಿಂಗಿನಲ್ಲಿ ಆಟ ಇದೆಯೇ ಎಂದೂ ನೋಡಿದೆವು. ಎಲ್ಲ ಸರಿಯಾಗಿತ್ತು.

ಸೈಡ್‌ಕಾರನ್ನು ಅಳೆಯುವ ಮುನ್ನ ಬೈಕಿನ ಎರಡು ಚಕ್ರಗಳು ತಮ್ಮತಮ್ಮಲ್ಲಿ ಒಂದೇ ಗೆರೆಯಲ್ಲಿವೆಯೇ ಎಂದು ನೋಡಬೇಕು. ಅವೇ ವಕ್ರವಾಗಿದ್ದರೆ ಮೂರನೆಯದನ್ನು ಯಾವುದಕ್ಕೆ ಹೋಲಿಸುವುದು? ಹಿಂದಿನ ಟೈರಿನ ಹಿಂಬದಿಗೆ ದಾರ ಸುತ್ತಿ, ನೆಲದಿಂದ ಗೇಣೆತ್ತರದಲ್ಲಿ ಎರಡೂ ಪಕ್ಕದಿಂದ ಮುಂದಕ್ಕೆ ತಂದು ಬಿಗಿಯಾಗಿ ಹಿಡಿದೆವು. ದಾರ ಹಿಂದಿನ ಟೈರಿನ ಮುಂಬದಿಯ ಅಂಚನ್ನು ಈಗಷ್ಟೇ ಮುಟ್ಟುತ್ತಿರಬೇಕು, ಒತ್ತಬಾರದು. ಮುಂದಿನ ಟೈರು ಹಿಂದಿನದಕ್ಕಿಂತ ಸಣ್ಣದಾದ್ದರಿಂದ ಅಲ್ಲಿ ಎಡಕ್ಕೂ ಬಲಕ್ಕೂ ಸ್ವಲ್ಪ ಸಂದು ಉಳಿಯುತ್ತದೆ. ಎರಡು ಸಂದುಗಳೂ ಸಮ ಇದ್ದರೆ ಚಕ್ರಗಳು ನೇರ. ನಮ್ಮದರಲ್ಲಿ ಒಂದು ಕಡೆ ಕಿರುಬೆರಳು ತೂರುತ್ತಿತ್ತು, ಇನ್ನೊಂದು ಕಡೆ ತೂರುತ್ತಿರಲಿಲ್ಲ. ಚೈನ್ ಬಿಗಿಮಾಡುವ ಜಾಗದಲ್ಲಿ ಎರಡೂ ಪಕ್ಕದ ಗುರುತುಗಳು ಒಂದೇ ಗೆರೆಯಲ್ಲಿದ್ದವು. ಆ ಗುರುತುಗಳನ್ನು ಕಣ್ಣು ಮುಚ್ಚಿ ನಂಬಬಾರದು ಎಂದು ದೊಡ್ಡಪ್ಪ ಹೇಳಿದರು. ಹಿಂದಿನ ಚಕ್ರದ ಅಚ್ಚನ್ನು ಸಡಿಲಿಸಿ, ದಾರ ಹೇಳಿದಂತೆ ಸರಿಪಡಿಸಿ, ಮತ್ತೆ ಬಿಗಿಮಾಡಿದೆವು.

ಅನಂತರ ಸೈಡ್‌ಕಾರಿನ ಚಕ್ರ. ಅದರ ಅಚ್ಚು ಬೈಕಿನ ಹಿಂದಿನ ಅಚ್ಚಿಗಿಂತ ಸ್ವಲ್ಪ ಮುಂದೆ ಇರಬೇಕು. ತೂಗುಗುಂಡು ಇಳಿಬಿಟ್ಟು ಎರಡೂ ಅಚ್ಚುಗಳ ಸ್ಥಾನವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿದಾಗ ಅಂತರ 22 ಸೆಂಟಿಮೀಟರ್ ಬಂತು. ಸಾಮಾನ್ಯವಾಗಿ ಇದನ್ನು 15ರಿಂದ 30 ಸೆಂಟಿಮೀಟರ್ ನಡುವೆ ಇಡುತ್ತಾರೆ. ಈ ಮುನ್ನಡೆಗೆ ಕಾರಣವಿದೆ. ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡಕ್ಕೆ, ಮುಂದಕ್ಕೆ ನುಗ್ಗುತ್ತದೆ. ಗಾಡಿ ಮಗುಚುವುದಾದರೆ ಮುಂದಿನ ಚಕ್ರವನ್ನೂ ಸೈಡ್‌ಕಾರಿನ ಚಕ್ರವನ್ನೂ ಸೇರಿಸುವ ಗೆರೆಯ ಮೇಲೆಯೇ ಮಗುಚಬೇಕು. ಸೈಡ್‌ಕಾರಿನ ಚಕ್ರ ಮುಂದಿದ್ದಷ್ಟೂ ಆ ಗೆರೆ ಭಾರದಿಂದ ದೂರ ಸರಿಯುತ್ತದೆ. ಹಾಗೆಂದು ತೀರಾ ಮುಂದಿಟ್ಟರೆ ತಿರುವಿನಲ್ಲಿ ಟೈರು ಅಡ್ಡಡ್ಡ ಉಜ್ಜುತ್ತದೆ, ಹ್ಯಾಂಡಲ್ ಭಾರವಾಗುತ್ತದೆ. ಈ ಅಳತೆಯಲ್ಲಿ ಬದಲಿಸಬೇಕಾದದ್ದೇನೂ ಇರಲಿಲ್ಲ.

ಬಯಲಾದದ್ದು ಮುಂದಿನ ಅಳತೆಯಲ್ಲಿ. ಒಂದು ಪಟ್ಟಿಯನ್ನು ಇಟ್ಟಿಗೆಗಳ ಮೇಲಿಟ್ಟು ಬೈಕಿನ ಟೈರುಗಳ ಎಡಬದಿಗೆ ಆನಿಸಿದೆವು. ಮುಂದಿನ ಟೈರು ಸಣ್ಣದಿರುವುದಕ್ಕೆ ತಕ್ಕಷ್ಟು ಅಲ್ಲಿ ರಟ್ಟು ಕೊಟ್ಟೆವು. ಇನ್ನೊಂದು ಪಟ್ಟಿಯನ್ನು ಸೈಡ್‌ಕಾರಿನ ಟೈರಿನ ಹೊರಬದಿಗೆ ಆನಿಸಿದೆವು. ಎರಡು ಪಟ್ಟಿಗಳ ನಡುವಿನ ಅಂತರವನ್ನು ಬೈಕಿನ ಮುಂದಿನ ಅಚ್ಚಿನ ನೇರಕ್ಕೆ ಒಮ್ಮೆ, ಹಿಂದಿನ ಅಚ್ಚಿನ ನೇರಕ್ಕೆ ಒಮ್ಮೆ ಅಳೆದೆವು. ಮುಂದಿನ ಅಂತರ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಇರಬೇಕು, ಅಂದರೆ ಸೈಡ್‌ಕಾರಿನ ಚಕ್ರ ಬೈಕಿನ ಕಡೆಗೆ ತುಸು ಮುಖ ಮಾಡಿರಬೇಕು. ಟೋ-ಇನ್ ಎನ್ನುವುದು ಇದಕ್ಕೇ. 12ರಿಂದ 20 ಮಿಲಿಮೀಟರ್ ಇದ್ದರೆ ಸಾಕು. ನಮ್ಮದು 42 ಇತ್ತು.

ಇದನ್ನು ಕಂಡು ನನಗೆ ಮೊದಲು ಗೊಂದಲವೇ ಆಯಿತು. ಟೋ-ಇನ್ ಹೆಚ್ಚಾದರೆ ಎಡಬದಿಯ ಚಕ್ರ ಗಾಡಿಯನ್ನು ಬಲಕ್ಕೆ ತಳ್ಳಬೇಕು. ನಮ್ಮ ಗಾಡಿ ಎಡಕ್ಕೆ ಎಳೆಯುತ್ತಿತ್ತು. ದೊಡ್ಡಪ್ಪ ಮಾತಾಡದೆ ತೂಗುಗುಂಡನ್ನು ಎತ್ತಿಕೊಂಡರು. ಬೈಕಿನ ಹಿಂದೆ ನಿಂತು ನೋಡಿದಾಗ, ಯಾರೂ ಕೂರದಿದ್ದಾಗ ಬೈಕು ದಾರಕ್ಕೆ ಸಮನಾಗಿ ನೆಟ್ಟಗೆ ನಿಂತಿತ್ತು. ಅವ್ವನ ತೂಕದಷ್ಟು ಮೆಕ್ಕೆಜೋಳ ತುಂಬಿದ ಚೀಲವನ್ನು ಸೈಡ್‌ಕಾರಿನಲ್ಲಿಟ್ಟು, ನನ್ನನ್ನು ಸೀಟಿನ ಮೇಲೆ ಕೂರಿಸಿದರು. ಸೈಡ್‌ಕಾರಿನ ಸ್ಪ್ರಿಂಗ್ ಕುಗ್ಗಿತು. ಇಡೀ ಬೈಕು ಕಣ್ಣಿಗೆ ಕಾಣುವಷ್ಟು ಎಡಕ್ಕೆ ವಾಲಿತು. ಎಡಕ್ಕೆ ವಾಲಿದ ಬೈಕು ಎಡಕ್ಕೇ ಹೋಗಲು ನೋಡುತ್ತದೆ. ಜೋಡಿಸಿದವರು ಖಾಲಿ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಕೈತೊಳೆದುಕೊಂಡಿದ್ದರು. ಓಡಿಸಿ ನೋಡುವಾಗ ಎಡಕ್ಕೆ ಎಳೆದಿದ್ದರಿಂದಲೋ ಏನೋ ಟೋ-ಇನ್ ಹೆಚ್ಚಿಸುತ್ತ ಹೋಗಿದ್ದರು. ವಾಲಿಕೆಯ ತಪ್ಪನ್ನು ಮೂರನೆಯ ಚಕ್ರದ ಮೇಲೆ ಹೊರಿಸಿದಂತಾಗಿತ್ತು, ಅದರ ಬೆಲೆ ತೆರಬೇಕಾದದ್ದು ಟೈರು.

ಎಷ್ಟು ಬೆಲೆ ಎಂದು ಅಲ್ಲೇ ಕುಳಿತು ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದೆ. ನಮ್ಮ ಬೈಕಿನ ಎರಡು ಅಚ್ಚುಗಳ ನಡುವೆ ಹೆಚ್ಚುಕಡಿಮೆ 1.4 ಮೀಟರ್. ಅಷ್ಟು ಉದ್ದಕ್ಕೆ 42 ಮಿಲಿಮೀಟರ್ ಓರೆ ಎಂದರೆ ಪ್ರತಿ ಕಿಲೋಮೀಟರಿಗೆ 30 ಮೀಟರ್. ಅಂದರೆ ಸೈಡ್‌ಕಾರಿನ ಚಕ್ರ ತನ್ನ ಪಾಡಿಗೆ ಹೋಗಿದ್ದರೆ ಒಂದು ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ 30 ಮೀಟರ್ ಬಲಕ್ಕೆ ಸರಿದಿರುತ್ತಿತ್ತು. ಬೈಕು ಬಿಡದ್ದರಿಂದ ಅಷ್ಟನ್ನೂ ಅದು ಅಡ್ಡಕ್ಕೆ ಉಜ್ಜಿಕೊಂಡು ಬರಬೇಕು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಈ ಅಡ್ಡ ಸರಿತ 1.8 ಕಿಲೋಮೀಟರ್ ಆಗುತ್ತದೆ. ರಬ್ಬರು ಬಾಗುವ ವಸ್ತುವಾದ್ದರಿಂದ ಅಷ್ಟೂ ಜಾರಿಕೆಯಾಗುವುದಿಲ್ಲ. ಸ್ವಲ್ಪವನ್ನು ಟೈರು ತನ್ನ ಮೈಯಲ್ಲೇ ಬಾಗಿಸಿಕೊಳ್ಳುತ್ತದೆ, ಸ್ವಲ್ಪವನ್ನು ಬೈಕಿನ ಟೈರುಗಳು ಹಂಚಿಕೊಳ್ಳುತ್ತವೆ. ಆದರೂ ಆ ಕೆಲಸವನ್ನು ಯಾವುದೋ ಒಂದು ಟೈರು ಮಾಡಲೇಬೇಕು, ಪೆಟ್ರೋಲು ಅದಕ್ಕೂ ಖರ್ಚಾಗುತ್ತದೆ. ಹಾಗಿದ್ದರೆ ಸೊನ್ನೆಗೇ ಇಡಬಹುದಲ್ಲ ಎಂದು ನಮ್ಮ ವಿದ್ಯಾರ್ಥಿಗಳು ಕೇಳುತ್ತಾರೆ. ಸೊನ್ನೆಗಿಟ್ಟರೆ ಸೈಡ್‌ಕಾರಿನ ಜಗ್ಗುವಿಕೆಯನ್ನು ಎದುರಿಸಲು ಏನೂ ಉಳಿಯುವುದಿಲ್ಲ, ಇಡೀ ದಾರಿ ತೋಳೇ ಆ ಕೆಲಸ ಮಾಡಬೇಕು. ಟೈರು ಮತ್ತು ತೋಳಿನ ನಡುವೆ ಒಂದು ರಾಜಿ ಬೇಕು.

ಮೊದಲು ವಾಲಿಕೆ ಸರಿಮಾಡಿದೆವು. ಸೈಡ್‌ಕಾರು ಬೈಕಿಗೆ ನಾಲ್ಕು ಕಡೆ ಬಿಗಿಯಲ್ಪಟ್ಟಿದೆ, ಕೆಳಗೆ ಎರಡು, ಮೇಲೆ ಎರಡು. ಮೇಲಿನ ಎರಡು ಸರಳುಗಳಿಗೆ ಸ್ಕ್ರೂವಿನಂತೆ ತಿರುಪು ಇದೆ. ತಿರುಗಿಸಿದರೆ ಉದ್ದವಾಗುತ್ತವೆ, ಬೈಕಿನ ಮೇಲ್ಭಾಗವನ್ನು ಬಲಕ್ಕೆ ತಳ್ಳುತ್ತವೆ. ಹೊರೆ ಇದ್ದಾಗ ಬೈಕು ಸುಮಾರು ಒಂದು ಡಿಗ್ರಿ ಬಲಕ್ಕೆ ವಾಲಿರುವಂತೆ ಇಟ್ಟೆವು. ನೆಟ್ಟಗೆ ಏಕೆ ಬೇಡ ಎಂದರೆ ನಮ್ಮ ರಸ್ತೆಗಳು ಸಮತಟ್ಟಲ್ಲ. ಮಳೆನೀರು ಹರಿಯಲೆಂದು ಡಾಂಬರು ರಸ್ತೆಗೆ ನೂರಕ್ಕೆ ಎರಡರಷ್ಟು ಅಡ್ಡ ಇಳಿಜಾರು ಕೊಟ್ಟಿರುತ್ತಾರೆ. ಎಡಬದಿಯಲ್ಲಿ ಹೋಗುವ ನಮಗೆ ಅದು ಎಡಕ್ಕೆ ಇಳಿಜಾರು. ನೂರಕ್ಕೆ ಎರಡು ಎಂದರೆ ಕೋನದಲ್ಲಿ ಒಂದು ಡಿಗ್ರಿಗಿಂತ ತುಸು ಹೆಚ್ಚು. ಗೋದಾಮಿನಲ್ಲಿ ಒಂದು ಡಿಗ್ರಿ ಬಲಕ್ಕೆ ವಾಲಿದ ಗಾಡಿ ರಸ್ತೆಯ ಮೇಲೆ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ವಾಲಿಕೆ ಬದಲಾದ ಕೂಡಲೇ ಟೋ-ಇನ್ ಕೂಡ ಬದಲಾಗಿತ್ತು, ಮತ್ತೆ ಪಟ್ಟಿ ಇಟ್ಟು ಅಳೆದು, ಕೆಳಗಿನ ಹಿಂದಿನ ಬೋಲ್ಟಿನಲ್ಲಿ ಅದನ್ನು ಸರಿಮಾಡಿದೆವು. ಆಗ ವಾಲಿಕೆ ಸ್ವಲ್ಪ ಕದಲಿತು. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ. ಮಧ್ಯಾಹ್ನ ಕಳೆದು ಸಂಜೆಯಾಗುವವರೆಗೂ ಅತ್ತಿಂದಿತ್ತ ಹೋಗಿಬಂದು ಕಡೆಗೆ ಟೋ-ಇನ್ 16 ಮಿಲಿಮೀಟರಿಗೆ ನಿಂತಿತು. ಚಿತ್ರದುರ್ಗದವರೆಗಿನ ಅಡ್ಡ ಸರಿತ 1.8 ಕಿಲೋಮೀಟರಿನಿಂದ 700 ಮೀಟರಿಗಿಂತ ಕಡಿಮೆಗೆ ಇಳಿಯಿತು.

ಚೀಲ ಇಳಿಸಿ ಅವ್ವನನ್ನೇ ಕೂರಿಸಿಕೊಂಡು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದುರ್ಗದ ಕಡೆಗೆ ಹೊರಟಾಗ ತಿಳಿದ ವ್ಯತ್ಯಾಸವನ್ನು ಬರೆದು ತಿಳಿಸುವುದು ಕಷ್ಟ. ಹ್ಯಾಂಡಲ್ಲಿನ ಮೇಲೆ ಕೈ ಇಟ್ಟಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಹೊರಡುವಾಗ ಎಡಕ್ಕೆ, ನಿಲ್ಲುವಾಗ ಬಲಕ್ಕೆ ಹೋಗುವ ಗುಣ ಇದ್ದೇ ಇದೆ. ಆದರೆ ಒಂದೇ ವೇಗದಲ್ಲಿ ಹೋಗುವಾಗ ಗಾಡಿ ತನ್ನ ದಾರಿಯನ್ನು ತಾನೇ ಹಿಡಿದು ಹೋಗುತ್ತದೆ. ದುರ್ಗ ಹತ್ತಿರವಾದಂತೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣುತ್ತವಲ್ಲ, ಅಲ್ಲಿ ಗಾಳಿಯ ಹೊಡೆತ ಜೋರು. ಆ ಗಾಳಿಯಲ್ಲಿಯೂ ಗಾಡಿ ಗೆರೆ ಬಿಡಲಿಲ್ಲ. ಅವ್ವ ಕಣ್ಣು ಮುಚ್ಚಿ ನಿದ್ದೆ ಮಾಡಿದಳು. ಒಂಟಿಯಾಗಿ ಹೋಗುವಾಗ ಮಾತ್ರ ಸೈಡ್‌ಕಾರಿನಲ್ಲಿ ಒಂದು ಮರಳಿನ ಚೀಲ ಇಟ್ಟುಕೊಳ್ಳುತ್ತೇನೆ. ಖಾಲಿ ಸೈಡ್‌ಕಾರ್ ಎಡತಿರುವಿನಲ್ಲಿ ನೆಲ ಬಿಟ್ಟು ಏಳುತ್ತದೆ. ಹೊಸದಾಗಿ ಓಡಿಸುವವರು ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಅದೇ ಗೋದಾಮಿಗೆ ಹೋದೆವು. ಹೊಸ ಜೋಡಣೆಯಲ್ಲಿ ಬಣ್ಣ ಕುಗ್ಗುತ್ತದೆ, ಹಿಡಿಕೆಗಳು ಕಬ್ಬಿಣದ ಮೇಲೆ ಕೂತುಕೊಳ್ಳುತ್ತವೆ, ಬೋಲ್ಟು ತುಸು ಸಡಿಲವಾಗುತ್ತದೆ. ಟೋ-ಇನ್ 16ರಿಂದ 19ಕ್ಕೆ ಏರಿತ್ತು. ಲೇತನ್ನು ಎರಡನೆಯ ಬಾರಿ ಏಕೆ ಮಟ್ಟ ಮಾಡುತ್ತಾರೆ ಎಂದು ನನಗೆ ಅರ್ಥವಾದದ್ದು ಆಗ. ಈ ನಡುವೆ ಟೈರನ್ನು ಅಂಗೈಯಿಂದ ಓದುವುದನ್ನೂ ದೊಡ್ಡಪ್ಪ ಕಲಿಸಿದರು. ಟೈರಿನ ಮೇಲ್ಮೈಯ ಮೇಲೆ ಅಡ್ಡಕ್ಕೆ, ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ ಅಂಗೈ ಸವರಬೇಕು. ಎರಡೂ ಕಡೆಗೆ ಒಂದೇ ತರಹ ನುಣ್ಣಗಿದ್ದರೆ ಸರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ಚರ್ಮಕ್ಕೆ ತಾಗಿದರೆ ಆ ಚಕ್ರ ಅಡ್ಡಕ್ಕೆ ಉಜ್ಜಿಕೊಂಡು ಓಡುತ್ತಿದೆ ಎಂದೇ ಅರ್ಥ. ಕಣ್ಣಿಗೆ ಏನೂ ಕಾಣದಿದ್ದಾಗಲೂ ಅಂಗೈಗೆ ಇದು ತಿಳಿಯುತ್ತದೆ.

ಆಮೇಲೆ ಎಲ್ಲ ಮೂರು ಚಕ್ರದ ಗಾಡಿಗಳನ್ನೂ ನೋಡುವ ನನ್ನ ಕಣ್ಣು ಬದಲಾಗಿದೆ. ಕೆನಡಾದ ಬಿಆರ್‌ಪಿ ಕಂಪನಿ 2007ರಲ್ಲಿ ಹೊರತಂದ ಕ್ಯಾನ್-ಆ್ಯಮ್ ಸ್ಪೈಡರ್‌ಗೆ ಮುಂದೆ ಎರಡು ಚಕ್ರ, ಹಿಂದೆ ಒಂದು. ಅದರ ಲೆಕ್ಕ ಶುರುವಾಗುವುದು ಹಿಂದಿನ ಒಂಟಿ ಚಕ್ರದಿಂದ. ಅದರ ಗೆರೆಯನ್ನು ಆಧಾರ ಮಾಡಿಕೊಂಡು ಮುಂದಿನ ಎರಡನ್ನೂ ಅವುಗಳ ದಿಕ್ಕು ತಿರುಗಿಸುವ ಟೈ-ರಾಡ್‌ಗಳಿಂದ ಸರಿಮಾಡಬೇಕು. ಬೆಲ್ಟ್ ಬಿಗಿಮಾಡುವಾಗ ಹಿಂದಿನ ಚಕ್ರ ತುಸು ಓರೆಯಾದರೆ ಇಡೀ ಲೆಕ್ಕವೇ ತಪ್ಪುತ್ತದೆ. ಅಲ್ಲಿನ ಎಷ್ಟೋ ಮಾಲೀಕರು ಗಾಡಿ ಹೊಸದಿದ್ದಾಗಲೇ ಲೇಸರ್ ಕಿರಣ ಹಿಡಿದು ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಲೇಸರ್ ಎಂದರೂ ಅದು ಸಡಿಲವಾಗದ ದಾರವೇ. ನಮ್ಮ ಆಟೋ ಇದಕ್ಕೆ ತಿರುಗುಮುರುಗು, ಮುಂದೆ ಒಂದು, ಹಿಂದೆ ಎರಡು. ಹಿಂದಿನ ಎರಡು ಚಕ್ರಗಳಲ್ಲಿ ಒಂದು ಓರೆಯಾದರೂ ಆಟೋ ಪಕ್ಕಕ್ಕೆ ಹೋಗಲು ನೋಡುತ್ತದೆ. ಚಾಲಕರು ಹ್ಯಾಂಡಲ್ಲನ್ನು ಓರೆಯಾಗಿ ಹಿಡಿದು ನೇರ ಓಡಿಸುತ್ತಾರೆ. ಜಯದೇವ ಸರ್ಕಲ್ಲಿನಲ್ಲಿ ಸಿಗ್ನಲ್ಲಿಗೆ ಕಾಯುವಾಗ ಗಮನಿಸಿ, ನೇರ ಬಂದು ನಿಂತ ಆಟೋಗಳಲ್ಲಿ ಕೆಲವುಗಳ ಹ್ಯಾಂಡಲ್ ಓರೆಯಾಗಿಯೇ ಇರುತ್ತದೆ. ದಿನವಿಡೀ ದುಡಿದ ದುಡ್ಡು ಟೈರಿಗೆ ಹೋಗುತ್ತಿದೆ ಎಂದು ಆ ಚಾಲಕರಿಗೆ ಯಾರಾದರೂ ಹೇಳಬೇಕು, ಹೇಳುವವರು ಅಳೆದು ತೋರಿಸಬೇಕು.

ಇವರೆಲ್ಲರಿಗಿಂತ ನನ್ನ ಮನಸ್ಸನ್ನು ಹೆಚ್ಚು ಕಾಡುವವರು ಅಂಗವೈಕಲ್ಯದ ಕಾರಣಕ್ಕೆ ಸ್ಕೂಟರಿಗೆ ಪಕ್ಕದ ಚಕ್ರ ಹಾಕಿಸಿಕೊಂಡವರು. ಸ್ಕೂಟರು ಕಂಪನಿಯದು, ಪಕ್ಕದ ಚಕ್ರಗಳು ಯಾವುದೋ ವರ್ಕ್‌ಶಾಪಿನವು. ಎರಡನ್ನೂ ಸೇರಿಸಿ ಅಳೆಯುವ ಹೊಣೆ ಯಾರದ್ದೂ ಅಲ್ಲ ಎಂಬಂತಾಗಿದೆ. ಪಕ್ಕದ ಎರಡು ಚಕ್ರಗಳು ಸ್ಕೂಟರಿನ ಗೆರೆಗೆ ಸಮಾಂತರವಾಗಿ ಇರದಿದ್ದರೆ ಗಾಡಿ ಎಳೆಯುತ್ತದೆ. ಎರಡೂ ಸ್ವಲ್ಪ ತಗ್ಗಾಗಿ ಕೂತಿದ್ದರೆ ರಸ್ತೆಯ ತಗ್ಗಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಸುಮ್ಮನೆ ತಿರುಗುತ್ತದೆ, ಬ್ರೇಕೂ ಅಲ್ಲಿ ಹಿಡಿಯುವುದಿಲ್ಲ. ಬೇರೆಯವರಾದರೆ ಕಾಲು ಊರಿ ಗಾಡಿಯನ್ನು ತಡೆದುಕೊಂಡಾರು. ಇವರಿಗೆ ಆ ಅವಕಾಶವೂ ಇಲ್ಲ. ಜೋಡಿಸಿಕೊಡುವವರು ಬಿಲ್ಲಿನ ಜೊತೆ ನಾಲ್ಕು ಅಳತೆಗಳನ್ನು ಬರೆದು, ಸಹಿ ಹಾಕಿ ಕೊಡುವಂತಾಗಬೇಕು. ಲೇತಿಗೆ ಅಷ್ಟು ಮರ್ಯಾದೆ ಇದೆ, ಮನುಷ್ಯರು ಕೂರುವ ಗಾಡಿಗೂ ಇರಲಿ.

ನಮ್ಮ ಕಾಲೇಜಿನ ಅಟೆಂಡರ್ ಒಬ್ಬರಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು. ಅವರ ಹೊಸ ಸ್ಕೂಟರೂ ಎಳೆಯುತ್ತದೆ ಎಂದು ಹೇಳಿದ ಮೇಲೆ ಕಳೆದ ವಾರ ಕಾಲೇಜಿನ ಬ್ಯಾಡ್ಮಿಂಟನ್ ಅಂಗಣದಲ್ಲಿ ಪಟ್ಟಿ, ದಾರ ಇಟ್ಟು ಅಳೆದೆವು. ದ್ವಿತೀಯ ಪಿಯುಸಿಯ ಕೆಲವು ಮಕ್ಕಳು ದಾರ ಹಿಡಿಯಲು ಬಂದಿದ್ದರು, ಲೆಕ್ಕವನ್ನೂ ಅವರೇ ಮಾಡಿದರು. ಎಡಗಡೆಯ ಚಕ್ರ ನೇರವಿದೆ. ಬಲಗಡೆಯದು ಹೊರಕ್ಕೆ ತಿರುಗಿದೆ, 1.2 ಮೀಟರಿಗೆ 25 ಮಿಲಿಮೀಟರ್. ಬೋಲ್ಟಿನಲ್ಲಿ ಸರಿಹೋಗುವಂಥದ್ದಲ್ಲ, ಚಕ್ರವನ್ನು ಹಿಡಿದಿರುವ ತೋಳನ್ನೇ ಓರೆಯಾಗಿ ಬೆಸುಗೆ ಹಾಕಿದ್ದಾರೆ. ಅಳತೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಚಿತ್ರ ತೆಗೆದು ಅವರ ಕೈಗೆ ಕೊಟ್ಟಿದ್ದೇವೆ. ಬರುವ ಶನಿವಾರ ಆ ಹಾಳೆಯ ಸಮೇತ ವರ್ಕ್‌ಶಾಪಿಗೆ ಹೋಗುತ್ತಿದ್ದೇವೆ, ಜೊತೆಗೆ ದೊಡ್ಡಪ್ಪನೂ ಬರುತ್ತಾರೆ.